ಡೇಟಾಬೇಸ್ ಫೈಲನ್ನು ಡ್ರೈವ್ ಫೋಲ್ಡರಿಗೆ ಹಾಕಿಬಿಟ್ಟರೆ ಸಾಕಲ್ವಾ?

ಪ್ರಶ್ನೆ: ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಬಿಲ್ಲಿಂಗ್ ಸಾಫ್ಟ್‌ವೇರಿನ ಡೇಟಾಬೇಸ್ ಫೈಲನ್ನು ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಫೋಲ್ಡರಿನಲ್ಲಿ ಇಟ್ಟರೆ ಎರಡೂ ಕಡೆ ಒಂದೇ ಲೆಕ್ಕ ಇರುತ್ತದೆ ಅಲ್ವಾ?

ಇಲ್ಲ, ಇರುವುದಿಲ್ಲ. ಎರಡು ವಾರ ಇದ್ದ ಹಾಗೆ ಕಾಣುತ್ತದೆ, ಆಮೇಲೆ ಒಂದು ದಿನ ಇರುವುದಿಲ್ಲ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ ಹೇಳಿದ್ದೇನೆ, ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದೇನೆ, ಅಂಗಡಿಯ ಗಲ್ಲಾ ಪಕ್ಕ ನಿಂತು ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿರುವ ನಂಬಿಕೆ ಒಂದೇ: "ನಾನು ಇಲ್ಲಿ ಬರೆದದ್ದು, ಅವನು ಅಲ್ಲಿ ಬರೆದದ್ದು, ಎರಡನ್ನೂ ಡ್ರೈವ್ ಕೂಡಿಸುತ್ತದೆ." ಕೂಡಿಸುವುದಿಲ್ಲ. ಅದಕ್ಕೆ ಕೂಡಿಸಲು ಬರುವುದೇ ಇಲ್ಲ. ಡ್ರೈವ್ ಒಬ್ಬ ಅಂಚೆಯವನ ಹಾಗೆ. ಲಕೋಟೆಯನ್ನು ಈ ಮನೆಯಿಂದ ಆ ಮನೆಗೆ ಮುಟ್ಟಿಸುತ್ತಾನೆ, ಒಡೆದು ಓದುವುದಿಲ್ಲ. ಎರಡು ಮನೆಯವರೂ ಒಂದೇ ಹೊತ್ತಿಗೆ ಬೇರೆ ಬೇರೆ ಕಾಗದ ಬರೆದರೆ ಎರಡನ್ನೂ ಸೇರಿಸಿ ಒಂದು ಕಾಗದ ಮಾಡಿ ಕೊಡು ಅಂತ ಅವನನ್ನು ಕೇಳುತ್ತೀರಾ? ನಿಮ್ಮ ಫೈಲಿನ ಒಳಗೆ ಬಿಲ್ ಇದೆಯೋ ಮದುವೆ ಫೋಟೋ ಇದೆಯೋ ಡ್ರೈವ್‌ಗೆ ಎರಡೂ ಒಂದೇ. "ಗೂಗಲ್ ಶೀಟ್‌ನಲ್ಲಿ ಇಬ್ಬರೂ ಒಟ್ಟಿಗೆ ಬರೆಯುತ್ತೀವಲ್ಲ" ಅನ್ನುತ್ತಾರೆ. ಅಲ್ಲಿ ಕೂಡಿಸುವ ಕೆಲಸ ಮಾಡುವುದು ಶೀಟ್ ಅನ್ನುವ ಪ್ರೋಗ್ರಾಮು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಫೈಲನ್ನು ಅದೇ ಕಂಪನಿಯ ಫೋಲ್ಡರಿನಲ್ಲಿ ಇಟ್ಟ ಮಾತ್ರಕ್ಕೆ ಆ ಗುಣ ಇದಕ್ಕೆ ಬರುವುದಿಲ್ಲ.

ಮುಂಗಾರಿನ ಹೊತ್ತಿಗೆ ರಾಣೆಬೆನ್ನೂರಿನ ಕಡೆಯ ಒಂದು ಬೀಜ-ಗೊಬ್ಬರದ ಅಂಗಡಿಯಿಂದ ಫೋನ್ ಬಂತು. ಜೂನ್ ತಿಂಗಳು, ಮೆಕ್ಕೆಜೋಳದ ಬೀಜಕ್ಕೆ ರೈತರು ಸಾಲು ನಿಂತಿರುವ ಸಮಯ. ಅಂಗಡಿಯಲ್ಲಿ ಅಣ್ಣ ಬಿಲ್ ಹಾಕುತ್ತಿದ್ದರು, ಮನೆಯಲ್ಲಿ ತಮ್ಮ ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದ ಮಾಲಿನ ಎಂಟ್ರಿ ಮಾಡುತ್ತಿದ್ದರು. ಫೈಲ್ ಕ್ಲೌಡ್ ಫೋಲ್ಡರಿನಲ್ಲಿತ್ತು. ನಾನು ಹೋಗಿ ಫೋಲ್ಡರ್ ತೆರೆದರೆ ಅದರಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಫೈಲ್. ಒಂದರ ಹೆಸರಿನ ಕೊನೆಗೆ ಲ್ಯಾಪ್‌ಟಾಪಿನ ಹೆಸರು ಅಂಟಿಕೊಂಡಿತ್ತು. ಒಂದರಲ್ಲಿ ಆ ದಿನದ ಮಾರಾಟ ಪೂರ್ತಿ ಇದೆ, ಬಂದ ಮಾಲು ಇಲ್ಲ. ಇನ್ನೊಂದರಲ್ಲಿ ಮಾಲು ಇದೆ, ಮಾರಾಟ ಇಲ್ಲ. "ಎರಡೂ ಕೂಡಸ್ತೈತಿ ಅಂತ ತಿಳ್ಕೊಂಡಿದ್ವಿ ಸರ್" ಅಂದರು ಅಣ್ಣ. ಮುಖ ನೋಡಿ ಬೇಜಾರಾಯಿತು. ಅವರ ತಪ್ಪಲ್ಲ, ಆ ಫೈಲನ್ನು ಅಲ್ಲಿಗೆ ಹಾಕಿಕೊಟ್ಟವರು ಹೇಳಬೇಕಿತ್ತು.

ಎರಡೂ ಫೈಲಿನಲ್ಲಿ 4512ನೇ ಎಂಟ್ರಿ ಇತ್ತು. ಅಂಗಡಿಯ ಫೈಲಿನಲ್ಲಿ 4512 ಅಂದರೆ ಒಬ್ಬ ರೈತರಿಗೆ ಉದ್ರಿ ಕೊಟ್ಟ ಬೀಜದ ಪಾಕೀಟು. ಮನೆಯ ಫೈಲಿನಲ್ಲಿ 4512 ಅಂದರೆ ಲಾರಿಯಿಂದ ಇಳಿದ ಯೂರಿಯಾ. ಪ್ರತಿ ಎಂಟ್ರಿಗೂ ಪ್ರೋಗ್ರಾಮ್ ಮುಂದಿನ ನಂಬರ್ ಕೊಡುತ್ತಾ ಹೋಗುತ್ತದೆ. ಎರಡು ಪ್ರತಿಗಳಲ್ಲೂ ಎಣಿಕೆ ಒಂದೇ ಜಾಗದಿಂದ ಶುರುವಾಗಿತ್ತು, ಅದಕ್ಕೇ ಒಂದೇ ನಂಬರ್ ಎರಡು ಬೇರೆ ವ್ಯವಹಾರಕ್ಕೆ ಹೋಯಿತು. ಕಾರ್ಬನ್ ಬಿಲ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಎಂಟ್ರಿಗೆ ಹೊಸ ನಂಬರ್ ಕೊಟ್ಟು, ಆ ನಂಬರನ್ನು ನಂಬಿಕೊಂಡಿದ್ದ ಉದ್ರಿ ಖಾತೆಯ ಸಾಲುಗಳನ್ನೂ ಬದಲಿಸಿ ಮುಗಿಸುವಾಗ ರಾತ್ರಿ ಹನ್ನೊಂದು. ಮನುಷ್ಯರಿಗೇ ಅಷ್ಟು ಹೊತ್ತು ಬೇಕಾದ ಕೆಲಸವನ್ನು ಅಂಚೆಯವನು ಮಾಡುತ್ತಾನೆ ಅಂದುಕೊಂಡರೆ ಹೇಗೆ?

ಎರಡು ಫೈಲ್ ಆಗುವುದು ಇದ್ದದ್ದರಲ್ಲಿ ಒಳ್ಳೆಯದು. ಎರಡೂ ನೆಟ್ಟಗೆ ತೆರೆದುಕೊಂಡವು. ಫೈಲೇ ಒಡೆದುಹೋಗುವುದು ಇದಕ್ಕಿಂತ ಕೆಟ್ಟದ್ದು.

ಅದು ಯಾಕಾಗುತ್ತದೆ ಅಂತ ತಿಳಿಯಬೇಕಾದರೆ ಫೈಲಿನ ಒಳಗೆ ಇಣುಕಬೇಕು. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಪ್ರೋಗ್ರಾಮ್ ತಗೊಳ್ಳಿ. ನಿಮ್ಮ ಫೋನಿನಲ್ಲೂ ಬ್ರೌಸರಿನಲ್ಲೂ ಬೇಕಾದಷ್ಟು ಬಿಲ್ಲಿಂಗ್ ಪ್ರೋಗ್ರಾಮುಗಳಲ್ಲೂ ಇರುವುದು ಅದೇ. ಅದರ ಫೈಲ್ ಒಂದು ನೋಟ್‌ಬುಕ್ಕಿನ ಹಾಗೆ, ಪುಟ ಪುಟವಾಗಿ ಇರುತ್ತದೆ, ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ನೀವು ಒಂದು ಬಿಲ್ ಹಾಕಿದರೆ ಒಂದೇ ಪುಟ ಬದಲಾಗುವುದಿಲ್ಲ. ಬಿಲ್ಲಿನ ಪುಟ, ಐಟಂಗಳ ಪುಟ, ಸ್ಟಾಕಿನ ಪುಟ, ಬೇಗ ಹುಡುಕಲು ಇಟ್ಟ ಸೂಚಿಯ ಪುಟ, ಹೀಗೆ ನಾಲ್ಕಾರು ಕಡೆ ಕೈಯಾಡುತ್ತದೆ. ಎಲ್ಲವೂ ಬದಲಾದರೆ ಬಿಲ್ ಪೂರ್ತಿ. ಅರ್ಧ ಬದಲಾದ ಹೊತ್ತಿನಲ್ಲಿ ಅಂಚೆಯವನು ಬಂದು ನೋಟ್‌ಬುಕ್ ಎತ್ತಿಕೊಂಡು ಹೋದರೆ, ಆ ಕಡೆ ಮುಟ್ಟುವುದು ಅರ್ಧ ಹಳೆಯ, ಅರ್ಧ ಹೊಸ ಪುಟಗಳು.

ಇನ್ನೂ ಒಂದು ವಿಷಯ. ಡೇಟಾಬೇಸ್ ಅಂದರೆ ಒಂದೇ ಫೈಲ್ ಅಂತ ನೀವು ಅಂದುಕೊಂಡಿದ್ದೀರಿ. ಎಸ್‌ಕ್ಯೂಲೈಟ್‌ನಲ್ಲಿ 2010ರಿಂದ ವಾಲ್ (WAL) ಅನ್ನುವ ಒಂದು ವಿಧಾನ ಇದೆ, ತುಂಬಾ ಪ್ರೋಗ್ರಾಮುಗಳು ಅದನ್ನೇ ಬಳಸುತ್ತವೆ. ಅದರಲ್ಲಿ ಹೊಸ ಬರಹ ನೇರ ಮುಖ್ಯ ಫೈಲಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಅದೇ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ವಾಲ್ ಅಂತ ಇರುವ ಇನ್ನೊಂದು ಫೈಲಿಗೆ ಮೊದಲು ಹೋಗುತ್ತದೆ, ಅಲ್ಲಿ ಸುಮಾರು 1000 ಪುಟ ತುಂಬಿದ ಮೇಲೆ ಮುಖ್ಯ ಫೈಲಿಗೆ ಇಳಿಯುತ್ತದೆ. ಅಂದರೆ ಪ್ರೋಗ್ರಾಮ್ ತೆರೆದೇ ಇದ್ದಾಗ ಇವತ್ತಿನ ಬಿಲ್ಲುಗಳು ಮುಖ್ಯ ಫೈಲಿನಲ್ಲಿ ಇಲ್ಲದೇ ಇರಬಹುದು. ನೀವು ಪೆನ್‌ಡ್ರೈವ್‌ಗೆ ಮುಖ್ಯ ಫೈಲ್ ಒಂದನ್ನೇ ಹಾಕಿಕೊಂಡು ಹೋದರೆ ಮನೆಯಲ್ಲಿ ತೆರೆದಾಗ ಬೆಳಗ್ಗೆಯಿಂದ ಹಾಕಿದ್ದು ಮಾಯ. ಡ್ರೈವ್ ಆದರೆ ಎರಡನ್ನೂ ಒಯ್ಯುತ್ತದೆ ನಿಜ, ಆದರೆ ಬೇರೆ ಬೇರೆ ಗಳಿಗೆಯಲ್ಲಿ. ಹತ್ತು ಗಂಟೆಯ ಮುಖ್ಯ ಫೈಲೂ ಹತ್ತೂಕಾಲರ ವಾಲ್ ಫೈಲೂ ಜೊತೆಯಾದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಗ ಪರದೆ ಮೇಲೆ ಬರುವ ಸಾಲು ನನಗೆ ಬಾಯಿಪಾಠ: "ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್." ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಕೂಡ ಒಂದು ಕಂಪನಿಯ ಲೆಕ್ಕ ಅಂದರೆ ಒಂದು ಫೋಲ್ಡರ್ ತುಂಬಾ ಫೈಲುಗಳು, ಅಲ್ಲೂ ಇದೇ ಮಾತು.

ನೆಟ್ ಸ್ಪೀಡ್ ಜಾಸ್ತಿ ಮಾಡಿಸಿದರೆ ಸರಿಹೋಗುತ್ತದಾ ಅಂತ ಕೇಳಬೇಡಿ. ಅಂಚೆಯವನು ಸೈಕಲ್ಲಿನ ಬದಲು ಬೈಕಿನಲ್ಲಿ ಬರುತ್ತಾನೆ, ಅಷ್ಟೇ.

"ನಾವು ಎರಡೂ ಕಡೆ ಒಟ್ಟಿಗೆ ತೆರೆಯುವುದೇ ಇಲ್ಲ, ಒಬ್ಬನೇ ಬಳಸುವುದು" ಅನ್ನುವವರಿಗೆ ಮಾತ್ರ ಸ್ವಲ್ಪ ದಾರಿ ಇದೆ. ಅಂಗಡಿಯಲ್ಲಿ ಪ್ರೋಗ್ರಾಮನ್ನು ಪೂರ್ತಿ ಮುಚ್ಚಬೇಕು. ಎಸ್‌ಕ್ಯೂಲೈಟ್ ಸರಿಯಾಗಿ ಮುಚ್ಚಿಕೊಂಡಾಗ ವಾಲ್ ಫೈಲಿನಲ್ಲಿ ಇದ್ದದ್ದೆಲ್ಲ ಮುಖ್ಯ ಫೈಲಿಗೆ ಇಳಿದು ಆ ಪಕ್ಕದ ಫೈಲ್ ಅಳಿಸಿಹೋಗುತ್ತದೆ. ಆಮೇಲೆ ಡ್ರೈವ್ ಅಪ್‌ಲೋಡ್ ಮುಗಿಸಿದ ಗುರುತು ಬರುವ ತನಕ ಕಾಯಬೇಕು, ಮನೆಯಲ್ಲಿ ಪೂರ್ತಿ ಇಳಿದಿದೆಯಾ ನೋಡಬೇಕು, ಆಮೇಲೆ ತೆರೆಯಬೇಕು. ದಿನಾ, ತಪ್ಪದೆ. ಶಟರ್ ಎಳೆಯುವ ಅವಸರದಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಹಾಗೇ ಮಡಚಿ ಬ್ಯಾಗಿಗೆ ಹಾಕುವವರು ನೀವಾದರೆ ಈ ದಾರಿ ಬೇಡ. ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿರುವಾಗ ಅಪ್‌ಲೋಡ್ ಮುಗಿಯಿತಾ ಅಂತ ಯಾರೂ ನೋಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇಬ್ಬರು ಮೂವರು ಇರುವ ಅಂಗಡಿಗೆ ನನ್ನ ಉತ್ತರ ಒಂದೇ: ಫೈಲನ್ನು ಓಡಾಡಿಸಬೇಡಿ, ನೀವು ಫೈಲಿನ ಹತ್ತಿರ ಹೋಗಿ. ಲೆಕ್ಕ ಅಂಗಡಿಯ ಕಂಪ್ಯೂಟರಿನಲ್ಲೇ ಇರಲಿ, ಮನೆಯಿಂದ ಆ ಕಂಪ್ಯೂಟರಿನ ಪರದೆಯನ್ನು ತೆರೆದು ಕೆಲಸ ಮಾಡಿ. ವಿಂಡೋಸ್ ಹೋಮ್ ಇದ್ದರೆ ಅದರದ್ದೇ ರಿಮೋಟ್ ಡೆಸ್ಕ್‌ಟಾಪ್‌ನಿಂದ ಒಳಗೆ ಬರಲು ಆಗುವುದಿಲ್ಲ, ಅದಕ್ಕೆ ಪ್ರೊ ಬೇಕು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಆದರೆ ಹೋಮ್‌ನಲ್ಲೂ ನಡೆಯುತ್ತದೆ, ದುಡ್ಡೂ ಇಲ್ಲ. ಅಂಗಡಿ ಕಂಪ್ಯೂಟರ್ ಆನ್ ಇರಬೇಕು, ಒಂದು ಹೊತ್ತಿಗೆ ಒಬ್ಬರೇ ಕೆಲಸ ಮಾಡಬೇಕು, ಅದೇ ಕಷ್ಟ.

ಜನ ಜಾಸ್ತಿ ಇದ್ದರೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ತರಹದ ಸರ್ವರ್ ಇರುವ ಸಾಫ್ಟ್‌ವೇರಿಗೆ ಹೋಗಿ. ಅಲ್ಲಿ ಯಾರೂ ಫೈಲ್ ಮುಟ್ಟುವುದಿಲ್ಲ, ಎಲ್ಲರೂ ಸರ್ವರಿಗೆ ಹೇಳುತ್ತಾರೆ, ಅದು ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಅಡ್ಡ ಬರದ ಹಾಗೆ ಬರೆದುಕೊಳ್ಳುತ್ತದೆ. ಅದನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡಬೇಡಿ, ವಿಪಿಎನ್ (ನಿಮ್ಮವರಿಗೆ ಮಾತ್ರ ತೆರೆಯುವ ಖಾಸಗಿ ದಾರಿ) ಹಾಕಿಸಿಕೊಳ್ಳಿ.

ಮನೆಯಲ್ಲಿ ಸುಮ್ನೆ ನೋಡಿದರೆ ಸಾಕು, ಬರೆಯುವುದೇನೂ ಇಲ್ಲ ಅನ್ನುವವರಿಗೆ ಕೆಲಸ ಸುಲಭ. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಕಮಾಂಡಿನಿಂದ ಒಂದು ಪ್ರತಿ ತೆಗೆದು ಆ ಪ್ರತಿಯನ್ನು ಡ್ರೈವ್‌ಗೆ ಹಾಕಿ. ಪ್ರೋಗ್ರಾಮ್ ನಡೆಯುತ್ತಿದ್ದರೂ ಅದು ಪೂರ್ತಿ, ಒಂದೇ ಗಳಿಗೆಯ ಪ್ರತಿ ಕೊಡುತ್ತದೆ. 2024ರ ಅಕ್ಟೋಬರಿನಲ್ಲಿ ಎಸ್‌ಕ್ಯೂಲೈಟ್‌ನವರೇ ಎಸ್‌ಕ್ಯೂಲೈಟ್3_ಆರ್‌ಸಿಂಕ್ (sqlite3_rsync) ಅನ್ನುವ ಉಪಕರಣವನ್ನೂ ಕೊಟ್ಟಿದ್ದಾರೆ. ಬದಲಾದ ಪುಟಗಳನ್ನಷ್ಟೇ ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತದೆ. ಆದರೆ ಗಮನಿಸಿ, ಅದು ಒಂದೇ ದಿಕ್ಕಿನದು. ಆ ಕಡೆ ನೀವೇನಾದರೂ ಬರೆದಿದ್ದರೆ ಮುಂದಿನ ಸಲ ಅದು ಹೋಯಿತು.

ಎರಡೂ ಕಡೆ ಬರೆಯಲೇಬೇಕು, ನೆಟ್ ಇಲ್ಲದಿದ್ದರೂ ನಡೆಯಬೇಕು ಅಂದರೆ ಕೂಡಿಸುವ ಬುದ್ಧಿ ಪ್ರೋಗ್ರಾಮಿನ ಒಳಗೇ ಇರಬೇಕು. ಟ್ಯಾಲಿಗೆ ಎರಡೂ ಕಡೆಯ ಎಂಟ್ರಿ ಸೇರಿಸುವ ತನ್ನದೇ ಸಿಂಕ್ ವ್ಯವಸ್ಥೆ ಇದೆ, ಅದನ್ನು ಬಳಸಿ. ಮೈಕ್ರೋಸಾಫ್ಟಿನ ಡೇಟಾಬೇಸ್ ಪ್ರೋಗ್ರಾಮ್ ಆಕ್ಸೆಸ್‌ನ ಹಳೆಯ ಎಂಡಿಬಿ ಫೈಲಿಗೂ ಇತ್ತು, 2007ರಲ್ಲಿ ಬಂದ ಹೊಸ ಮಾದರಿಯ ಫೈಲಿನಲ್ಲಿ ಅದನ್ನು ತೆಗೆದುಬಿಟ್ಟರು. ಕೊಂಡುಕೊಳ್ಳುವ ಮುಂಚೆ ಮಾರುವವರನ್ನು ಕೇಳಿ: ಫೈಲ್ ಕಳಿಸುತ್ತೀರೋ, ಎಂಟ್ರಿ ಕಳಿಸುತ್ತೀರೋ? ಫೈಲ್ ಅಂದರೆ ಎದ್ದು ಬನ್ನಿ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ವಿಷಯ ಹೇಳದೆ ನನಗೆ ಸಮಾಧಾನವಿಲ್ಲ. ಸ್ಟಾಕ್. ಗೋಡೌನಿನಲ್ಲಿ 40 ಚೀಲ ಇದೆ ಅಂತಿಟ್ಟುಕೊಳ್ಳಿ. ಅಂಗಡಿಯಲ್ಲಿ 3 ಮಾರಿದಿರಿ, ಆ ಪ್ರೋಗ್ರಾಮ್ 37 ಅಂತ ಬರೆಯಿತು. ಅದೇ ಹೊತ್ತಿಗೆ ಮನೆಯಲ್ಲಿ 20 ಚೀಲ ಬಂದದ್ದನ್ನು ಹಾಕಿದರು, ಅದು 60 ಅಂತ ಬರೆಯಿತು. ಈಗ ಸಿಂಕ್ ಆಗಬೇಕು. ಕೊನೆಗೆ ಬಂದದ್ದು ಗೆಲ್ಲುತ್ತದೆ ಅಂದರೆ 37 ಅಥವಾ 60. ಗೋಡೌನಿನಲ್ಲಿ ಇರುವುದು 57! ಸಿಂಕ್ ಎಷ್ಟೇ ಒಳ್ಳೆಯದಿದ್ದರೂ ಈ ಎರಡು ನಂಬರಿನಿಂದ 57 ಹುಟ್ಟುವುದಿಲ್ಲ.

ಉಳಿಕೆಯನ್ನು ಬರೆಯುವ ಬದಲು ನಡೆದದ್ದನ್ನು ಬರೆದರೆ ಹುಟ್ಟುತ್ತದೆ. "ಹೋದದ್ದು 3", "ಬಂದದ್ದು 20". ಈ ಎರಡು ಸಾಲು ಯಾವುದು ಮೊದಲು ಮುಟ್ಟಿದರೂ, ಒಂದು ನಾಳೆ ಬಂದರೂ, ಕೂಡಿ ಕಳೆದರೆ 57. ನಮ್ಮ ಹಳೆಯ ಲೆಕ್ಕದ ಪುಸ್ತಕದಲ್ಲಿ ಜಮಾ-ಖರ್ಚು ಒಂದೊಂದೇ ಸಾಲಾಗಿ ಬರೆದು ಕೆಳಗೆ ಉಳಿಕೆ ತೆಗೆಯುತ್ತಿದ್ದದ್ದು ಹೀಗೇ. ಉಳಿಕೆಯನ್ನು ಅಳಿಸಿ ತಿದ್ದುವ ಗುಮಾಸ್ತನನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಪ್ರೋಗ್ರಾಮ್ ಬರೆಯುವ ಹುಡುಗರು ಇದನ್ನು ಓದುತ್ತಿದ್ದರೆ, ದಯವಿಟ್ಟು ಸ್ಟಾಕನ್ನು ಹೀಗೇ ಇಡಿ.

ಬಿಲ್ ನಂಬರಿಗೂ ಇದೇ ತೊಂದರೆ, ಪರಿಹಾರ ಇನ್ನೂ ಸುಲಭ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರ್ 16 ಅಕ್ಷರ ದಾಟಬಾರದು, ಅನುಕ್ರಮವಾಗಿ ಇರಬೇಕು, ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು. ಆದರೆ ಸರಣಿ ಒಂದೇ ಇರಬೇಕು ಅಂತ ಇಲ್ಲ, ಎಷ್ಟಾದರೂ ಇಟ್ಟುಕೊಳ್ಳಬಹುದು. ಆ ಬೀಜದ ಅಂಗಡಿಯಲ್ಲಿ ಈಗ ಫೈಲ್ ಒಂದೇ ಕಡೆ ಇದೆ, ತಮ್ಮ ಮನೆಯಿಂದ ಪರದೆ ತೆರೆದು ಎಂಟ್ರಿ ಮಾಡುತ್ತಾರೆ. ಆದರೂ ನೆಟ್ ಹೋದ ದಿನ ಮನೆಯಲ್ಲಿ ಕೈಬಿಲ್ ಹಾಕಬೇಕಾದರೆ ಇರಲಿ ಅಂತ ಅಂಗಡಿಗೆ ಎ, ಮನೆಗೆ ಎಂ ಅಂತ ಎರಡು ಸರಣಿ ಮಾಡಿಸಿದ್ದೇವೆ. ಎ 1 ಮತ್ತು ಎಂ 1 ಯಾವತ್ತೂ ಢಿಕ್ಕಿ ಹೊಡೆಯುವುದಿಲ್ಲ. ಹೀಗೆ ಮಾಡಿದರೆ ನಿಮ್ಮ ಲೆಕ್ಕ ನೋಡುವವರಿಗೆ ಒಂದು ಮಾತು ತಿಳಿಸಿ, ಮಾರಾಟದ ವಿವರ ಕೊಡುವ ರಿಟರ್ನ್ ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಪ್ರತಿ ಸರಣಿಗೂ ಯಾವ ನಂಬರಿನಿಂದ ಯಾವ ನಂಬರಿನ ತನಕ ಅಂತ ಬೇರೆ ಬೇರೆ ಸಾಲು ತುಂಬಬೇಕಾಗುತ್ತದೆ.