ಮೂಗಿನ ಕೆಳಗಿನ ಹಳದಿ ಹಕ್ಕಳೆ

ಮಳೆಗಾಲದಲ್ಲಿ ಈ ಮಕ್ಕಳು ಕ್ಲಿನಿಕ್‌ಗೆ ಬರುವುದು ಜಾಸ್ತಿ. ವಯಸ್ಸು ಹೆಚ್ಚಾಗಿ 2ರಿಂದ 5. ಮೂಗಿನ ಕೆಳಗೋ ಬಾಯಿಯ ಪಕ್ಕವೋ ಗುಳ್ಳೆ ಎದ್ದು ಒಡೆದಿರುತ್ತದೆ. ಒಸರಿದ ನೀರು ಒಣಗಿ ಜೇನುತುಪ್ಪದ ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಇದು ಇಂಪೆಟಿಗೊ, ಸ್ಟೆಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳಿಂದ ಬರುವ ಸೋಂಕು. ಕೆಲವು ಮನೆಗಳಲ್ಲಿ ‘ಅಮ್ಮ’ ಬಂದಿದೆ ಅಂದುಕೊಂಡು ಸ್ನಾನವನ್ನೇ ನಿಲ್ಲಿಸಿಬಿಡುತ್ತಾರೆ. ಇಲ್ಲಿ ಬೇಕಾಗಿರುವುದೇ ಸೋಪು, ನೀರು.

ನನಗೆ ಜಾಸ್ತಿ ಸಿಟ್ಟು ಬರುವುದು ಮೆಡಿಕಲ್ ಶಾಪಿನಿಂದ ತಂದ ಟ್ಯೂಬ್ ನೋಡಿದಾಗ. ‘ಗುಳ್ಳೆಗೆ ಏನಾದರೂ ಕೊಡಿ’ ಅಂದರೆ ಎಷ್ಟೋ ಸಲ ಸಿಗುವುದು ಸ್ಟೀರಾಯ್ಡ್ ಬೆರೆಸಿದ ಕ್ರೀಮ್. ಎರಡು ದಿನ ಕೆಂಪು ಇಳಿಯುತ್ತದೆ, ಅಮ್ಮನಿಗೆ ಸಮಾಧಾನ. ಸೋಂಕು ಮಾತ್ರ ಸದ್ದಿಲ್ಲದೆ ಹರಡುತ್ತಿರುತ್ತದೆ. ಟ್ಯೂಬ್ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಅಂತ ಕಂಡರೆ ಹಚ್ಚಬೇಡಿ.

ಒಂದೆರಡು ಕಡೆ ಮಾತ್ರ ಇದ್ದರೆ ನಾವು ಮ್ಯುಪಿರೋಸಿನ್ ಅಥವಾ ಫ್ಯುಸಿಡಿಕ್ ಆಸಿಡ್ ಮುಲಾಮು ಬರೆಯುತ್ತೇವೆ. ದಿನಕ್ಕೆ ಎರಡು-ಮೂರು ಸಲ, ಸಾಮಾನ್ಯವಾಗಿ 5 ದಿನ. ಹಕ್ಕಳೆಯ ಮೇಲೆ ಸುಮ್ನೆ ಬಳಿದರೆ ಔಷಧಿ ಒಳಗೆ ಇಳಿಯುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ಒರೆಸಿ, ಆಮೇಲೆ ಹಚ್ಚಿ. ಕೀಳಬೇಡಿ. ಗುಳ್ಳೆ ಹತ್ತಾರು ಕಡೆ ಇದ್ದರೆ, ಜ್ವರ ಇದ್ದರೆ, ಕುಡಿಯುವ ಆಂಟಿಬಯಾಟಿಕ್ ಬೇಕು. ಮೂರನೇ ದಿನ ಒಣಗಿತು ಅಂತ ಬಾಟಲಿ ಎತ್ತಿಡಬೇಡಿ. ಮಗುವಿನ ಟವೆಲ್ ಬೇರೆ ಇರಲಿ, ಉಗುರು ಕತ್ತರಿಸಿ. ಔಷಧಿ ಶುರುವಾಗಿ 24 ಗಂಟೆ ಕಳೆಯುವವರೆಗೆ ಅಂಗನವಾಡಿಗೆ ಕಳಿಸಬೇಡಿ.

ಮತ್ತೆ ಮತ್ತೆ ಬರುತ್ತಿದ್ದರೆ ಬೆರಳ ಸಂದು ನೋಡಿ. ರಾತ್ರಿ ತುರಿಕೆ ಜೋರು, ಮನೆಯವರಿಗೂ ತುರಿಕೆ ಅಂದರೆ ಮೂಲದಲ್ಲಿ ಕಜ್ಜಿ ಇರಬಹುದು. ಆಗ ಮನೆಮಂದಿಯೆಲ್ಲ ಒಟ್ಟಿಗೇ ಪರ್ಮೆಥ್ರಿನ್ ಹಚ್ಚಿಕೊಳ್ಳಬೇಕು. ಮಗುವಿಗೊಬ್ಬರಿಗೇ ಹಚ್ಚಿದರೆ ವಾಪಸ್ ಅಂಟುತ್ತದೆ, ಅಲ್ವಾ? ಗುಳ್ಳೆ ತಲೆಯ ಹಿಂಭಾಗದಲ್ಲಿದ್ದರೆ ಹೇನು ಹುಡುಕಿ.

ಕೆಲವಕ್ಕೆ ಕಾಯುವ ಹಾಗಿಲ್ಲ. ಕಣ್ಣಿನ ಸುತ್ತ ಕೆಂಪಗೆ ಊದುವುದು, ಕೆಂಪು ಬೇಗ ಬೇಗ ಹರಡುವುದು, ಮುಟ್ಟಿದರೆ ನೋವಾಗಿ ಚರ್ಮ ಹಾಳೆಹಾಳೆಯಾಗಿ ಸುಲಿಯುವುದು, ತಿಂಗಳು ತುಂಬದ ಕೂಸಿಗೆ ಕೀವುಗುಳ್ಳೆ. ಇವಕ್ಕೆಲ್ಲ ಅವತ್ತೇ ಆಸ್ಪತ್ರೆ.

ಅಪರೂಪಕ್ಕೆ, ಹುಣ್ಣು ಮಾಯ್ದ ಮೇಲೂ ಸ್ಟ್ರೆಪ್ಟೊಕಾಕಸ್‌ನ ಕಾಟ ಕಿಡ್ನಿಗೆ ತಟ್ಟುತ್ತದೆ. ಮೂರು ವಾರದ ಆಸುಪಾಸಿನಲ್ಲಿ ಬೆಳಗ್ಗೆ ಮುಖ ಊದಿದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಹಳೆಯ ಹುಣ್ಣಿನ ವಿಷಯ ಹೇಳಿ ಮೂತ್ರ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ.