ದವಡೆ ಆಪರೇಷನ್ ಆದ ಮೇಲೆ: ನೋವಿಲ್ಲ ಅಂದ್ರೆ ವಾಸಿಯಾಯ್ತು ಅಂತಲ್ಲ

ರಾಯಚೂರಿನಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗೆ ಈ ಟಿಪ್ಪಣಿ. ಮುಂದಿನ ಪೋಸ್ಟಿಂಗ್ ಓರಲ್ ಸರ್ಜರಿ ವಾರ್ಡಿಗೆ ಬಿದ್ದಿದ್ದರೆ ಒಮ್ಮೆ ಓದಿಕೊಳ್ಳಿ. ವಕ್ರ ದವಡೆ ಸರಿಪಡಿಸುವ ಆಪರೇಷನ್ ಹೇಗೆ ಮಾಡ್ತಾರೆ ಅನ್ನೋದನ್ನ ಪುಸ್ತಕದಲ್ಲೇ ನೋಡಬಹುದು. ನಮ್ಮ ಕೆಲಸ ಶುರುವಾಗೋದು ಅದಾದ ಮೇಲೆ.

ಮೊದಲು ಕೇಸ್ ಶೀಟಿನಲ್ಲಿ ಯಾವ ಮೂಳೆ ಕತ್ತರಿಸಿದ್ದಾರೆ ನೋಡಿ. ಮೇಲ್ದವಡೆಯಾದರೆ ಸಾಮಾನ್ಯವಾಗಿ ಲೆಫೋರ್ಟ್ ಒಂದು ಎಂಬ ಗೆರೆಯಲ್ಲಿ ಕತ್ತರಿಸಿರುತ್ತಾರೆ. ಪೆಟ್ಟು ಬಿದ್ದಾಗ ಮುಖದ ಮೂಳೆ ಯಾವ ಗೆರೆಗಳಲ್ಲಿ ಮುರಿಯುತ್ತದೆ ಅಂತ ರೆನೆ ಲೆಫೋರ್ಟ್ ಎಂಬ ಫ್ರೆಂಚ್ ಸರ್ಜನ್ 1901ರಲ್ಲಿ ಶವಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ. ಈಗ ಆ ಗೆರೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲೇ ಬೇಕಂತ ಕತ್ತರಿಸುತ್ತಾರೆ. ಕೆಳದವಡೆಯಾದರೆ ಸ್ಯಾಜಿಟಲ್ ಸ್ಪ್ಲಿಟ್. ಎರಡೂ ಕಡೆ ಹಿಂಭಾಗದ ಮೂಳೆಯನ್ನು ಒಳಪದರ, ಹೊರಪದರವಾಗಿ ಸೀಳಿ, ಮುಂದಕ್ಕೋ ಹಿಂದಕ್ಕೋ ಸರಿಸಿ, ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕುತ್ತಾರೆ. 1950ರ ದಶಕದಲ್ಲಿ ಇದನ್ನು ರೂಢಿಗೆ ತಂದವನು ಹ್ಯೂಗೋ ಒಬ್ವೆಗೇಸರ್ ಎಂಬ ಸರ್ಜನ್. ವೈವಾಕ್ಕೆ ಇಷ್ಟು ಸಾಕು.

ಈಗ ಮುಖ್ಯ ವಿಷಯ. ಆ ಸೀಳಿನ ಪಕ್ಕದಲ್ಲೇ ಇನ್‌ಫೀರಿಯರ್ ಆಲ್ವಿಯೋಲಾರ್ ನರ ಹೋಗುತ್ತದೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡೋದು ಅದೇ. ಆಪರೇಷನ್ನಿನಲ್ಲಿ ಅದು ಜಗ್ಗಿದರೂ ಸಾಕು, ಆ ಜಾಗ ಜೋಮು ಹಿಡಿಯುತ್ತದೆ. ಬಹಳಷ್ಟು ಜನರಿಗೆ ಸ್ಪರ್ಶ ವಾರಗಳಲ್ಲೋ ತಿಂಗಳುಗಳಲ್ಲೋ ಮರಳುತ್ತದೆ. ಕೆಲವರಿಗೆ ಸ್ವಲ್ಪ ಜೋಮು ಉಳಿದೇಬಿಡುತ್ತದೆ. ತುಟಿ ಅಲುಗಾಡಿಸುವ ನರ ಬೇರೆ. ಹಾಗಾಗಿ ಪೇಷಂಟ್ ತುಟಿ ಆಡಿಸಬಲ್ಲ, ಆದರೆ ಜೊಲ್ಲು ಸುರಿದದ್ದು ಗೊತ್ತಾಗೋದಿಲ್ಲ. ಮನೆಯವರು ಲಕ್ವಾ ಹೊಡೀತು ಅಂತ ಹೆದರುತ್ತಾರೆ. ಹಾಗಲ್ಲ ಅಂತ ಮೊದಲ ದಿನವೇ ಹೇಳಿಬಿಡಿ.

ಜೋಮು ಇದ್ದ ಮೇಲೆ ನೋವು ನಮಗೆ ಸರಿಯಾದ ಸುದ್ದಿ ಕೊಡೋದಿಲ್ಲ. ಗಂಜಿ ಸುಡುತ್ತಿದ್ದರೂ ತುಟಿಗೆ ತಿಳಿಯದು. ಮೊದಲ ಎರಡು ದಿನ ಐಸ್ ಇಡುತ್ತೇವಲ್ಲ, ಅದು ಚರ್ಮ ಸುಟ್ಟರೂ ತಿಳಿಯದು. ಬಟ್ಟೆಯಲ್ಲಿ ಸುತ್ತಿ ಇಪ್ಪತ್ತು ನಿಮಿಷ ಇಡಿ, ಅಷ್ಟೇ ಹೊತ್ತು ತೆಗೆಯಿರಿ, ತೆಗೆದಾಗಲೆಲ್ಲ ಚರ್ಮದ ಬಣ್ಣ ನೋಡಿ. ಗಂಜಿ ಕೊಡುವ ಮುಂಚೆ ನಿಮ್ಮ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿಕೊಳ್ಳಿ. ಊತ ಎರಡು ಮೂರನೇ ದಿನಕ್ಕೆ ಅತಿ ಜಾಸ್ತಿ ಇರುತ್ತದೆ. ಕನ್ನಡಿ ನೋಡಿ ಅಳುವವರೂ ಇದ್ದಾರೆ. ಆಮೇಲೆ ತಾನಾಗೇ ಇಳಿಯುತ್ತದೆ.

ಮೊದಲ ರಾತ್ರಿ ಉಸಿರಾಟದ ಮೇಲೆ ಕಣ್ಣಿರಲಿ. ತಲೆಭಾಗ ಮೂವತ್ತು ಡಿಗ್ರಿ ಎತ್ತಿರಬೇಕು, ಬಾಯಲ್ಲಿ ತುಂಬಿದ ರಕ್ತ, ಜೊಲ್ಲು ಹೀರಿ ತೆಗೆಯುವ ಸಕ್ಷನ್ ಕೈಗೆಟಕುವಂತಿರಬೇಕು. ಎರಡು ದವಡೆ ತಂತಿಯಿಂದ ಕಟ್ಟಿದ್ದರೆ ವೈರ್ ಕಟರ್, ರಬ್ಬರ್ ಬ್ಯಾಂಡ್ ಹಾಕಿದ್ದರೆ ಕತ್ತರಿ ಮಂಚದ ಪಕ್ಕದಲ್ಲೇ ಇರಬೇಕು, ಸ್ಟೋರ್ ರೂಮಿನಲ್ಲಲ್ಲ. ನುಂಗಿದ ರಕ್ತದಿಂದ ವಾಂತಿ ಬರೋದು ಸಾಮಾನ್ಯ. ಮುಂದಕ್ಕೆ ಬಾಗಿಸಿ, ಹಲ್ಲಿನ ಸಂದಿಯಿಂದ ಹೊರಗೆ ಬರುತ್ತದೆ. ಮೇಲ್ದವಡೆ ಆಪರೇಷನ್ ಆದವರು ಜೋರಾಗಿ ಊದಿ ಸಿಂಬಳ ತೆಗೆಯಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಲಿ. ಕತ್ತರಿಸಿದ ಗೆರೆ ಮೂಗಿನ ಪಕ್ಕದ ಸೈನಸ್ ಎಂಬ ಟೊಳ್ಳು ಜಾಗದ ಮೂಲಕ ಹೋಗಿರುತ್ತದೆ, ಒತ್ತಡಕ್ಕೆ ಗಾಳಿ ಮುಖದ ಮಾಂಸದೊಳಗೆ ನುಗ್ಗಬಹುದು.

ಊಟದ ವಿಷಯ ನಮ್ಮ ಕಡೆ ದೊಡ್ಡದು. “ಸಿಸ್ಟರ್, ರೊಟ್ಟಿ ಯಾವಾಗ ಕೊಡಬೋದ್ರಿ?” ಅಂತ ಪೇಷಂಟಿನ ಅವ್ವ ದಿನಾ ಕೇಳುತ್ತಾರೆ. ಮೊದಲ ಎರಡು ವಾರ ಬರೀ ನೀರುನೀರಾದದ್ದು. ದೊಡ್ಡ ಸಿರಿಂಜಿಗೆ ಮೆತ್ತನೆ ರಬ್ಬರ್ ನಳಿಕೆ ಹಾಕಿ, ಕೆನ್ನೆಯ ಒಳಬದಿಗೆ ತೂರಿಸಿ, ಕೊನೆ ಹಲ್ಲಿನ ಹಿಂದೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಕೆಮ್ಮು ಬರುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಟ್ರಾ ಬೇಡ. ಬಟ್ಟೆಯಲ್ಲಿ ಸೋಸಿದ ಜೋಳದ ಗಂಜಿ, ಬೇಳೆ ಕಟ್ಟು, ಮಜ್ಜಿಗೆ, ಹಾಲು ಎಲ್ಲ ನಡೆಯುತ್ತದೆ. ಬೇಳೆ ಕಟ್ಟಿನಲ್ಲಿ ಒಂದು ಚಮಚ ತುಪ್ಪ ಹಾಕಿಸಿ. ಬರೀ ತಿಳಿನೀರಲ್ಲಿ ತೂಕ ಬೇಗ ಇಳಿದುಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಮೂತ್ರದ ಬಣ್ಣ ಕೇಳಲೇಬೇಕು. ಗಾಢ ಹಳದಿ ಅಂದರೆ ಕುಡಿದದ್ದು ಸಾಲದು.

ಆಮೇಲೆ ಸರ್ಜನ್ ಒಪ್ಪಿದರೆ ಮೆತ್ತಗೆ ಬೇಯಿಸಿ ಕಿವುಚಿದ ಅನ್ನ. ಸಿಂಧನೂರು, ಗಂಗಾವತಿ ಕಡೆಯವರಿಗೆ ಅನ್ನ ಹೊಸದಲ್ಲ. ಜೋಳದ ಮನೆಯವರಿಗೆ ಬೇಜಾರು. ಮೂರನೇ ವಾರಕ್ಕೆ ನೋವು ಹೆಚ್ಚೇನೂ ಇರೋದಿಲ್ಲ, ಮುಖ ಇಳಿದಿರುತ್ತದೆ, ಹಸಿವು ಜೋರು. ನನ್ನ ಪ್ರಕಾರ ಅಪಾಯದ ಹೊತ್ತು ಅದೇ. ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿವರೆಗೆ ದವಡೆ ನಿಂತಿರೋದು ಆ ಸಣ್ಣ ಪ್ಲೇಟಿನ ಬಲದ ಮೇಲೆ. ಅದು ಗಂಜಿ, ಮಾತು ತಡೆದುಕೊಳ್ಳುತ್ತದೆ, ಅಗಿಯೋದನ್ನಲ್ಲ. ಖಡಕ್ ರೊಟ್ಟಿ, ಹುರಿದ ಶೇಂಗಾ ಸುಮಾರು ಮೂರು ತಿಂಗಳಾದ ಮೇಲಿನ ಮಾತು. ಮಿರ್ಚಿ ಮಂಡಕ್ಕಿ ಕದ್ದು ತಂದುಕೊಡುವ ಗೆಳೆಯರಿಗೂ ಇದನ್ನೇ ಹೇಳಿ. ಗುಟ್ಕಾ, ಸಿಗರೇಟು ಮಾತ್ರ ಪೂರ್ತಿ ಬಂದ್. ಗಾಯಕ್ಕೆ ರಕ್ತ ಹರಿಯೋದನ್ನ ಅವು ಕಡಿಮೆ ಮಾಡುತ್ತವೆ.

ಬಾಯಿ ತೊಳೆಯೋದು: ಊಟ ಆದಾಗಲೆಲ್ಲ ಉಗುರುಬೆಚ್ಚನೆ ಉಪ್ಪುನೀರು, ಡಾಕ್ಟರ್ ಬರೆದಿದ್ದರೆ ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ, ಜೊತೆಗೆ ಮಕ್ಕಳ ಮೆತ್ತನೆ ಬ್ರಷ್.

ಡಿಸ್ಚಾರ್ಜ್ ದಿನ ಮನೆಯವರಿಗೆ ಮೂರು ವಿಷಯ ಬಾಯಿಪಾಠ ಮಾಡಿಸಿ. ಹಲ್ಲು ನಿನ್ನೆ ಕೂಡಿದಂತೆ ಇವತ್ತು ಕೂಡುತ್ತಿಲ್ಲವಾ, ಅವತ್ತೇ ಬರಬೇಕು. ಇಳಿದ ಊತ ಒಂದೇ ಕಡೆ ಮತ್ತೆ ಏರಿತಾ, ಜ್ವರ, ಕೆಟ್ಟ ವಾಸನೆ, ಕೀವು ಇದೆಯಾ, ಆಗಲೂ ಅಷ್ಟೇ. ಮೂಗಿನಿಂದ ಕೆಂಪು ರಕ್ತ ಸುರಿಯುತ್ತಿದ್ದರೆ ರಾತ್ರಿಯಾದರೂ ಕಾಯಬಾರದು. ಮೇಲ್ದವಡೆ ಆಪರೇಷನ್ನಿನಲ್ಲಿ ಒಂದೆರಡು ವಾರ ಕಳೆದ ಮೇಲೂ ಹೀಗಾಗೋದುಂಟು.

ಫಾಲೋಅಪ್‌ಗೆ ಬಂದಾಗ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ತುಟಿ, ಗದ್ದ ಮುಟ್ಟಿ, ಎಲ್ಲಿ ಗೊತ್ತಾಯಿತು, ಎಲ್ಲಿ ಗೊತ್ತಾಗಲಿಲ್ಲ ಅಂತ ಮುಖದ ಚಿತ್ರದ ಮೇಲೆ ಗುರುತು ಹಾಕಿ. “ಇರುವೆ ಹರಿದಂಗ ಆಗ್ತದ್ರಿ” ಅಂದರೆ ಖುಷಿಪಡಿ, ನರ ಚೇತರಿಸಿಕೊಳ್ಳುತ್ತಿದೆ. ಬಾಯಿ ಎಷ್ಟು ತೆರೆಯುತ್ತದೆ ಅಂತ ಸ್ಕೇಲಿನಲ್ಲಿ ಅಳೆದು ಬರೆಯಿರಿ. ದೊಡ್ಡವರಲ್ಲಿ ಸುಮಾರು 40 ಮಿಲಿಮೀಟರ್ ಮಾಮೂಲು. ಪ್ಲೇಟು ತೆಗೀಬೇಕಾ ಅಂತ ಕೇಳೇ ಕೇಳುತ್ತಾರೆ. ಸೋಂಕಾಗದೆ, ತೊಂದರೆ ಕೊಡದೆ ಇದ್ದರೆ ಸಾಮಾನ್ಯವಾಗಿ ತೆಗೆಯೋದಿಲ್ಲ.