'ಮ್ಯಾಚಿಂಗ್' ಅಂದರೇನು? ಸ್ಪ್ಲಿಟ್ ಎಸಿಯ ಎರಡು ಪೆಟ್ಟಿಗೆಗಳ ಲೆಕ್ಕ

ಸ್ಪ್ಲಿಟ್ ಎಸಿಯಲ್ಲಿ ಎರಡು ಪೆಟ್ಟಿಗೆ. ಒಂದು ಕೋಣೆಯ ಗೋಡೆ ಮೇಲೆ, ಇನ್ನೊಂದು ಮನೆಯ ಹೊರಗೆ. ಹೊರಗಿನದು ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು ಅಂತ ಅನ್ನಿಸುವುದು ಸಹಜ. ಆಗ ಮೆಕ್ಯಾನಿಕ್ 'ಇದಕ್ಕೆ ಅದು ಮ್ಯಾಚ್ ಆಗಲ್ಲ' ಅನ್ನುತ್ತಾರೆ. ಸುಮ್ನೆ ಹೊಸ ಎಸಿ ಮಾರೋಕೆ ಹೇಳುತ್ತಿದ್ದಾರೆ ಅಂತ ಅನುಮಾನ ಬರುತ್ತದೆ, ಅಲ್ವಾ? ಹೆಚ್ಚಿನ ಸಲ ಅವರ ಮಾತು ನಿಜ.

ಪೆಟ್ಟಿಗೆ ಎರಡಾದರೂ ಯಂತ್ರ ಒಂದೇ. ಒಳಗಿನ ಕಾಯಿಲ್‌ನಲ್ಲಿ, ಅಂದರೆ ಸುತ್ತಿ ಮಡಿಸಿದ ಪೈಪಿನಲ್ಲಿ, ಗ್ಯಾಸ್ ದ್ರವದಿಂದ ಆವಿಯಾಗುತ್ತಾ ಕೋಣೆಯ ಬಿಸಿಯನ್ನು ಹೀರುತ್ತದೆ. ಹೊರಗಿನ ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಅಲ್ಲಿನ ಕಾಯಿಲ್‌ನಲ್ಲಿ ಅದು ಬಿಸಿ ಬಿಟ್ಟು ಮತ್ತೆ ದ್ರವವಾಗುತ್ತದೆ. ತಾಮ್ರದ ಎರಡು ಪೈಪುಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಈ ಸುತ್ತು ಸರಿಯಾಗಿ ನಡೆಯುವಂತೆ ಎರಡು ಯೂನಿಟ್‌ಗಳೂ ಒಂದಕ್ಕೊಂದು ಹೊಂದಿಕೊಂಡಿರುವುದೇ ಮ್ಯಾಚಿಂಗ್. ಬಣ್ಣ ಒಂದೇ, ಕಂಪನಿಯ ಹೆಸರು ಒಂದೇ ಅಂದಮಾತ್ರಕ್ಕೆ ಮ್ಯಾಚ್ ಆಗುವುದಿಲ್ಲ.

ಎಲ್ಲರೂ ಮೊದಲು ನೋಡುವುದು ಟನ್, ಅಂದರೆ ತಂಪು ಮಾಡುವ ಸಾಮರ್ಥ್ಯ. 1 ಟನ್ ಅಂದರೆ ಗಂಟೆಗೆ 12,000 ಬಿಟಿಯು (ಬಿಸಿಯನ್ನು ಅಳೆಯುವ ಒಂದು ಅಳತೆ), ಸುಮಾರು 3.5 ಕಿಲೋವ್ಯಾಟ್. ಎಸಿಯ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಹೀರುವ ಬಿಸಿಯ ಲೆಕ್ಕ ಅದು.

ಹೊರಗಿನದು 2 ಟನ್, ಒಳಗಿನದು 1 ಟನ್ ಇದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ. ಚಿಕ್ಕ ಕಾಯಿಲ್ ಅತಿಯಾಗಿ ತಣ್ಣಗಾಗಿ ಅದರ ಮೇಲೆ ಐಸ್ ಕಟ್ಟುತ್ತದೆ. ಪೂರ್ತಿ ಆವಿಯಾಗದ ದ್ರವ ಕಂಪ್ರೆಸರ್‌ಗೆ ವಾಪಸ್ ಹೋಗುತ್ತದೆ. ಆವಿಯನ್ನು ಒತ್ತಬಹುದು, ದ್ರವವನ್ನು ಒತ್ತಲಾಗದು. ಕಂಪ್ರೆಸರ್ ಒಳಗೇ ಮುರಿಯಬಹುದು. ಉಲ್ಟಾ ಆದರೆ, ಅಂದರೆ ಒಳಗಿನದು ತೀರಾ ದೊಡ್ಡದಾದರೆ, ಕಾಯಿಲ್ ಸಾಕಷ್ಟು ತಣ್ಣಗಾಗುವುದಿಲ್ಲ. ಗಾಳಿಯ ತೇವ ಹೋಗುವುದಿಲ್ಲ, ಮೈ ಅಂಟಂಟು. ಆದರೆ ಒಳಗಿನ ಕಾಯಿಲ್ ತುಸುವೇ ದೊಡ್ಡದಿದ್ದರೆ ತೊಂದರೆಯಿಲ್ಲ.

ಟನ್ ಹೊಂದಿದರೂ ಗ್ಯಾಸ್ ಹೊಂದಬೇಕು. ಹಳೆಯ ಆರ್‌22ಗಿಂತ ಆರ್‌410ಎ ಗ್ಯಾಸಿನ ಒತ್ತಡ ಒಂದೂವರೆ ಪಟ್ಟಿಗೂ ಜಾಸ್ತಿ. ಹಳೆಯ ಕಾಯಿಲ್ ಆ ಒತ್ತಡಕ್ಕೆಂದು ಮಾಡಿದ್ದಲ್ಲ. ಕಂಪ್ರೆಸರ್ ಆಯಿಲ್ ಕೂಡ ಬೇರೆ. ಆರ್‌22 ಜೊತೆಗಿದ್ದ ಮಿನರಲ್ ಆಯಿಲ್ ಆರ್‌410ಎ ಜೊತೆ ಬೆರೆಯುವುದಿಲ್ಲ, ಪೈಪಿನಲ್ಲೇ ಉಳಿದುಬಿಡುತ್ತದೆ. ಆರ್‌32 ಒತ್ತಡದಲ್ಲಿ ಆರ್‌410ಎಗೆ ಹತ್ತಿರ. ಆದರೆ ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣವಿದೆ, ತುಂಬುವ ಪ್ರಮಾಣವೂ ಬೇರೆ. ಹಾಗಾಗಿ ಅದಕ್ಕೆ ಇದು, ಇದಕ್ಕೆ ಅದು ಅಂತ ಹಾಕುವಂತಿಲ್ಲ.

ಇನ್ವರ್ಟರ್ ಎಸಿಯಲ್ಲಿ, ಅಂದರೆ ಕಂಪ್ರೆಸರ್ ವೇಗವನ್ನು ಬೇಕಾದಷ್ಟಕ್ಕೆ ಹೆಚ್ಚು ಕಡಿಮೆ ಮಾಡುವ ಎಸಿಯಲ್ಲಿ, ಇನ್ನೊಂದು ತೊಡಕಿದೆ. ಇನ್ವರ್ಟರ್ ಇಲ್ಲದ ಸಾಮಾನ್ಯ ಎಸಿಗಳಲ್ಲಿ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೊರಗಿನ ಯೂನಿಟ್‌ಗೆ ಕರೆಂಟ್ ಕೊಡುತ್ತದೆ, ತೆಗೆಯುತ್ತದೆ, ಅಷ್ಟೇ. ಅದಕ್ಕೇ ಅಲ್ಲಿ ಬೇರೆ ಬೇರೆ ಕಂಪನಿಯ ಜೋಡಿಯೂ ಹೇಗೋ ಓಡುತ್ತಿತ್ತು. ಇನ್ವರ್ಟರ್‌ನಲ್ಲಿ ಎರಡೂ ಬೋರ್ಡ್‌ಗಳು ಸಿಗ್ನಲ್ ವೈರ್ ಮೂಲಕ ಸದಾ ಮಾತಾಡುತ್ತಿರುತ್ತವೆ. ಕೋಣೆ ಎಷ್ಟು ಬಿಸಿ, ಕಂಪ್ರೆಸರ್ ಎಷ್ಟು ವೇಗ, ಹೀಗೆ. ಆ ಭಾಷೆ ಕಂಪನಿಯಿಂದ ಕಂಪನಿಗೆ ಬೇರೆ, ಎಷ್ಟೋ ಸಲ ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆಯೂ ಬೇರೆ. ಅರ್ಥವಾಗದಿದ್ದರೆ ಎರರ್ ಕೋಡ್ ತೋರಿಸಿ ನಿಂತುಬಿಡುತ್ತದೆ.

ಹಾಗಂತ ಮ್ಯಾಚಿಂಗ್ ಅಂದರೆ ಸರಿಸಮ ಅಂತಲೂ ಅಲ್ಲ. ಮಲ್ಟಿ ಸ್ಪ್ಲಿಟ್‌ನಲ್ಲಿ ಹೊರಗೆ ಒಂದು ಯೂನಿಟ್, ಒಳಗೆ ಮೂರು ನಾಲ್ಕು. ಒಳಗಿನವುಗಳ ಟನ್ ಕೂಡಿಸಿದರೆ ಹೊರಗಿನದಕ್ಕಿಂತ ಜಾಸ್ತಿ ಬರಬಹುದು. ಎಲ್ಲವೂ ಒಟ್ಟಿಗೆ ಪೂರ್ತಿ ಜೋರಾಗಿ ಓಡುವುದು ಕಡಿಮೆ, ಅದಕ್ಕೆ. ಯಾವುದರ ಜೊತೆ ಯಾವುದು ನಡೆಯುತ್ತದೆ ಅನ್ನುವ ಪಟ್ಟಿಯನ್ನು ತಯಾರಕರೇ ಕೊಟ್ಟಿರುತ್ತಾರೆ.

ಒಂಟಿ ಜೋಡಿಗೂ ಅಷ್ಟೇ, ಮಾಡೆಲ್ ನಂಬರ್ ಇಟ್ಟುಕೊಂಡು ಕೇಳಬೇಕು. ಎರಡೂ ಪೆಟ್ಟಿಗೆಗಳ ಮೇಲೆ ಲೇಬಲ್ ಇರುತ್ತದೆ. ಹೊರಗಿನದು ಬಿಸಿಲು ಮಳೆಗೆ ಮಾಸುತ್ತದೆ, ಎಸಿ ಕೂರಿಸಿದ ದಿನವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.